ಬ್ಯಾಕಪ್ ಹೊತ್ತಿಗೆ ಪರೀಕ್ಷೆ ಸರ್ವರ್ ತಡವರಿಸಿದರೆ

ಪ್ರಶ್ನೆ: ಕಾಲೇಜಿನಲ್ಲಿ ಒಂದೇ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮಷಿನ್ ಓಡಿಸುವ ವ್ಯವಸ್ಥೆ) ಸರ್ವರ್, ಒಂದೇ ಗಿಗಾಬಿಟ್ ಪೋರ್ಟ್. ಬ್ರಿಡ್ಜ್ (ಮಷಿನ್‌ಗಳನ್ನು ಆ ಪೋರ್ಟಿಗೆ ಜೋಡಿಸುವ ಸಾಫ್ಟ್‌ವೇರ್ ಸ್ವಿಚ್) ಮೇಲೆ ಮೂರು ವರ್ಚುವಲ್ ಮಷಿನ್: ಆನ್‌ಲೈನ್ ಪರೀಕ್ಷೆ, ಲೆಕ್ಕಪತ್ರ, ಫೈಲ್ ಸರ್ವರ್. ಫೈಲ್ ಸರ್ವರ್‌ನ ಬ್ಯಾಕಪ್ ಹೊರಗಿನ ನಾಸ್‌ಗೆ (ಜಾಲದ ಶೇಖರಣಾ ಪೆಟ್ಟಿಗೆ) ಹೊರಟರೆ ಲ್ಯಾಬಿನಲ್ಲಿ ಪರೀಕ್ಷೆಯ ಪುಟವೇ ತೆರೆಯುವುದಿಲ್ಲ. ಮಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಪರೀಕ್ಷೆ ಮಷಿನ್‌ಗೆ 400 ಮೆಗಾಬಿಟ್ 'ಆವರೇಜ್' ಕೊಟ್ಟೆವು, ಪ್ರಯೋಜನವಾಗಲಿಲ್ಲ.
- ಸಿಸ್ಟಂ ಅಡ್ಮಿನ್, ದಾವಣಗೆರೆ

ಉತ್ತರ: ನೀವು ಹಾಕಿದ್ದು ಮಿತಿ, ಖಾತರಿಯಲ್ಲ. ಆವರೇಜ್ ಆ ಮಷಿನ್ನನ್ನು ಅಷ್ಟಕ್ಕೆ ತಡೆಯುತ್ತದೆ, ಅಷ್ಟನ್ನು ಕೊಡಿಸುವುದಿಲ್ಲ. ಅಲ್ಲಿನ ಅಂಕಿ ಕಿಲೋಬೈಟ್ ಲೆಕ್ಕದ್ದು ಎಂಬುದನ್ನೂ ನೋಡಿ: 400 ಮೆಗಾಬಿಟ್ ಅಂದರೆ 50,000. ಖಾತರಿಗೆಂದು ಇರುವ 'ಫ್ಲೋರ್' ಒಳಬರುವ ದಿಕ್ಕಿಗೆ ಮಾತ್ರ, ಅದೂ ಲಿಬ್‌ವರ್ಟ್‌ನದೇ ನ್ಯಾಟ್, ರೂಟ್ ಮುಂತಾದ ಮಾದರಿಯ ಜಾಲದಲ್ಲಿ. ನಿಮ್ಮ ಬ್ರಿಡ್ಜ್‌ಗೆ ಅದು ಒದಗದು.

ನಿಮ್ಮಲ್ಲಿ ಪೈಪೋಟಿ ಇರುವುದು ಭೌತಿಕ ಪೋರ್ಟಿನಿಂದ ಹೊರಹೋಗುವಲ್ಲಿ. ಹಾಗಾಗಿ ಹೋಸ್ಟ್‌ನ (ಮಷಿನ್‌ಗಳನ್ನು ಹೊತ್ತ ಸರ್ವರ್‌ನ) ಆ ಪೋರ್ಟಿಗೇ ಟಿಸಿ (ಲಿನಕ್ಸ್‌ನ ಸಂಚಾರ ನಿಯಂತ್ರಣ ಆಜ್ಞೆ) ಮೂಲಕ ಎಚ್‌ಟಿಬಿ, ಅಂದರೆ ವೇಗವನ್ನು ಕ್ಲಾಸ್‌ಗಳಾಗಿ ಹಂಚುವ ವಿಧಾನ, ಕೂರಿಸಿ. ಎಲ್ಲಕ್ಕೂ ಮೇಲಿನ ಕ್ಲಾಸ್‌ಗೆ 1000 ಬೇಡ, 940 ಮೆಗಾಬಿಟ್ ಕೊಡಿ. ಪೂರ್ತಿ ವೇಗ ಕೊಟ್ಟರೆ ಸಾಲು ಕಾರ್ಡಿನೊಳಗೆ ಬೆಳೆದು ಹಂಚಿಕೆ ಎಚ್‌ಟಿಬಿ ಕೈತಪ್ಪುತ್ತದೆ. ಅದರಡಿ 'ರೇಟ್' (ಖಾತರಿ ಪಾಲು) ಅನ್ನು ಪರೀಕ್ಷೆಗೆ 400, ಲೆಕ್ಕಪತ್ರಕ್ಕೆ 200, ಫೈಲ್ ಸರ್ವರ್‌ಗೆ 100, ಉಳಿದೆಲ್ಲಕ್ಕೂ ಸೇರಿ 100 ಇಡಿ. ಈ ರೇಟ್‌ಗಳ ಮೊತ್ತ ಎಂದೂ 940 ದಾಟಬಾರದು. ದಾಟಿದ ದಿನ ಖಾತರಿ ಕಾಗದದ ಮೇಲಷ್ಟೇ. 'ಸೀಲ್' (ಗರಿಷ್ಠ ಮಿತಿ) ಮಾತ್ರ ಎಲ್ಲಕ್ಕೂ 940, ಹೀಗಿದ್ದರೆ ಪರೀಕ್ಷೆ ಇಲ್ಲದ ರಾತ್ರಿ ಬ್ಯಾಕಪ್ ಪೂರ್ತಿ ವೇಗದಲ್ಲೇ ಓಡುತ್ತದೆ. ಪರೀಕ್ಷೆಗೆ 'ಪ್ರಯೋ' (ಆದ್ಯತೆ, ಅಂಕಿ ಚಿಕ್ಕದಿದ್ದಷ್ಟೂ ಮೊದಲು) 0, ಫೈಲ್ ಸರ್ವರ್‌ಗೆ 3. ಮಷಿನ್‌ಗಳನ್ನು ಗುರುತಿಸಲು ಅವುಗಳ ಐಪಿ ವಿಳಾಸದ ಫಿಲ್ಟರ್ ಸಾಕು.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಟಿಸಿಯಲ್ಲಿ ಎಂಬಿಪಿಎಸ್ ಎಂದು ಬರೆದರೆ ಅದು ಮೆಗಾಬೈಟ್, ಅಂದರೆ ಎಂಟು ಪಟ್ಟು! ಎಂಬಿಟ್ ಎಂದೇ ಬರೆಯಿರಿ. ಡೀಫಾಲ್ಟ್ ಕ್ಲಾಸ್ (ಮೇಲಿನ 'ಉಳಿದೆಲ್ಲ'ದ ಪಾಲು) ಸೂಚಿಸದಿದ್ದರೆ ಗುರುತು ಸಿಗದ ಪ್ಯಾಕೆಟ್‌ಗಳು ಯಾವ ಅಂಕೆಯೂ ಇಲ್ಲದೆ ನುಗ್ಗುತ್ತವೆ. ಬ್ಯಾಕಪ್ಪನ್ನು ಫೈಲ್ ಸರ್ವರ್ ಬದಲು ಹೋಸ್ಟೇ ಕಳಿಸುತ್ತಿದ್ದರೆ ವಿಳಾಸ ಹೋಸ್ಟ್‌ನದು. ನಿಮ್ಮ ಫಿಲ್ಟರ್ ಅದನ್ನು ಮುಟ್ಟುವುದೇ ಇಲ್ಲ. ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಕೊನೆಗೆ ಪರೀಕ್ಷೆ, ಫೈಲ್ ಸರ್ವರ್ ಎರಡೂ ಮಷಿನ್‌ಗಳಿಂದ ಐಪರ್ಫ್3 (ಜಾಲದ ವೇಗ ಅಳೆಯುವ ಸಾಧನ) ಒಟ್ಟಿಗೆ ಓಡಿಸಿ. ಫೈಲ್ ಸರ್ವರ್ 100ರ ಆಸುಪಾಸಿಗೆ ಇಳಿದು, ಮಿಕ್ಕದ್ದು ಪರೀಕ್ಷೆಗೆ ಸಿಗಬೇಕು. ಸಿಕ್ಕರೆ ಆ ಆಜ್ಞೆಗಳನ್ನು ಬೂಟ್ ಸ್ಕ್ರಿಪ್ಟಿಗೆ ಸೇರಿಸಿ, ರೀಬೂಟ್ ಆದರೆ ಟಿಸಿ ಎಲ್ಲವನ್ನೂ ಮರೆಯುತ್ತದೆ.

ಪ್ರಶ್ನೆ: ವರ್ಚುವಲ್ ಮಷಿನ್ ನಿರ್ವಹಣೆಯ ಪ್ರಾಕ್ಸ್‌ಮಾಕ್ಸ್‌ನ 'ರೇಟ್ ಲಿಮಿಟ್'ನಿಂದ ನಮ್ಮ 100 ಮೆಗಾಬಿಟ್ ಇಂಟರ್ನೆಟ್ ಲೈನಿನಲ್ಲಿ ಬಿಲ್ಲಿಂಗ್ ಮಷಿನ್‌ಗೆ ಪಾಲು ಕಾಯ್ದಿಡಬಹುದೇ?
- ಓದುಗರು, ಹಿರಿಯೂರು

ಉತ್ತರ: ಆಗದು. ಅದೂ ಬರೀ ಮಿತಿ, ಲೆಕ್ಕ ಮೆಗಾಬೈಟಿನದು: 20 ಮೆಗಾಬಿಟ್‌ಗೆ 2.5 ಎಂದು ಹಾಕಬೇಕು. ನಿಮ್ಮಲ್ಲಿ ಇಕ್ಕಟ್ಟಾಗುವುದು ಇಂಟರ್ನೆಟ್ ಲೈನು, ಸರ್ವರ್ ಪೋರ್ಟಲ್ಲ. ಹಾಗಾಗಿ ಈ ಹಂಚಿಕೆಯನ್ನು ರೂಟರ್‌ನಲ್ಲೇ ಮಾಡಿ, ಒಟ್ಟು ವೇಗ 90ರ ಸುತ್ತ ಇಟ್ಟು.