ಹಾಳೆಯ ಮೊದಲ ಸಾಲು

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಇವರನ್ನು ಇಲ್ಲಿ ವೀಣಾ ಎಂದು ಕರೆಯುತ್ತೇನೆ. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತರ ಆಸುಪಾಸು, ಇರುವುದು ಅಮೆರಿಕದಲ್ಲಿ. ವಿಡಿಯೊ ಕರೆಯಲ್ಲಿ ಮೊದಲ ಹತ್ತು ನಿಮಿಷ ನಿದ್ದೆ ಬರುತ್ತಿಲ್ಲ ಅಂತಲೇ ಹೇಳಿದರು. ಆಮೇಲೆ ಒಂದು ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದರು.

ಗೆಳತಿಯರು ಸೇರಿ ವಾರ ವಾರ ‘ದಿ ಬ್ಯಾಚಲರ್’ ನೋಡುತ್ತಾರೆ. ಒಬ್ಬ ಯುವಕ ಹಲವು ಯುವತಿಯರಲ್ಲಿ ಸಂಗಾತಿಯನ್ನು ಹುಡುಕುವ ಅಮೆರಿಕದ ರಿಯಾಲಿಟಿ ಶೋ ಅದು; ಉಳಿಸಿಕೊಳ್ಳುವವರಿಗೆ ಅವನು ಗುಲಾಬಿ ಕೊಡುತ್ತಾನೆ. ಸೀಸನ್ ಶುರುವಾಗುವ ಮೊದಲೇ, ಯಾರು ಯಾವ ವಾರ ಗುಲಾಬಿ ಸಿಗದೆ ಮನೆಗೆ ಹೋಗುತ್ತಾರೆ ಅಂತ ಊಹಿಸಿ ಬರೆದಿಡುವುದು ಅವರ ಆಟ. ಈ ಸಲ ಗೆದ್ದದ್ದು ವೀಣಾ. ಖುಷಿಯಲ್ಲಿ ಹಾಳೆ ಮತ್ತೆ ನೋಡಿದಾಗ ಕೈ ತಣ್ಣಗಾಯಿತಂತೆ. ಮೊದಲು ಹೋಗುವವರು ಅಂತ ಮೊದಲ ಸಾಲುಗಳಲ್ಲಿ ಬರೆದಿದ್ದ ಹೆಸರುಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು ಜನಾಂಗದ ಹುಡುಗಿಯರದ್ದು.

“ಅವರಿನ್ನೂ ಬಾಯೇ ಬಿಟ್ಟಿರಲಿಲ್ಲ ಮೇಡಂ. ಬರೀ ಫೋಟೊ ನೋಡಿ ಬರೆದೆ. ನಾನೂ ಕಪ್ಪಗೇ ಇದ್ದೀನಲ್ವಾ? ಇದನ್ನ ನೋಡೋದೇ ತಪ್ಪಾ?”

ತಕ್ಷಣ ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಊಹೆಯನ್ನು ಅವರಿಗೆ ಕಲಿಸಿದ್ದು ಕಾರ್ಯಕ್ರಮವೇ. ಅದು ಶುರುವಾದದ್ದು 2002ರಲ್ಲಿ. ಯುವತಿಯೊಬ್ಬಳು ಯುವಕರಲ್ಲಿ ಆರಿಸುವ ಇದರ ಜೋಡಿ ಕಾರ್ಯಕ್ರಮ ‘ದಿ ಬ್ಯಾಚಲರೆಟ್’ಗೆ ಮೊದಲ ಕಪ್ಪು ನಾಯಕಿಯಾಗಿ ರೇಚಲ್ ಲಿಂಡ್ಸೆ ಬಂದದ್ದು 2017ರಲ್ಲಿ. ಮೊದಲ ಕಪ್ಪು ಬ್ಯಾಚಲರ್ ಮ್ಯಾಟ್ ಜೇಮ್ಸ್ ಬರಲು 2021 ಆಗಬೇಕಾಯಿತು. 2012ರಲ್ಲಿ ಇಬ್ಬರು ಕಪ್ಪು ಯುವಕರು ಈ ತಾರತಮ್ಯದ ವಿರುದ್ಧ ಕೋರ್ಟಿಗೂ ಹೋದರು. ಯಾರನ್ನು ತೆರೆಯ ಮೇಲೆ ತರಬೇಕು ಅನ್ನುವುದು ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಕೇಸ್ ವಜಾ ಆಯಿತು. ಇಷ್ಟು ವರ್ಷ ಯಾರಿಗೆ ಗುಲಾಬಿ ಸಿಗುತ್ತದೆ ಅಂತ ನೋಡಿದ ಕಣ್ಣು, ಯಾರಿಗೆ ಸಿಗಲ್ಲ ಅನ್ನುವುದನ್ನೂ ಕಲಿತುಬಿಡುತ್ತದೆ.

ಆದರೆ ನಿದ್ದೆ ಕೆಡಲು ಇಷ್ಟೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. “ನಿಮಗೆ ಯಾರಾದರೂ ಇಷ್ಟ ಆಗಿದ್ದಾರಾ?” ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಡೇಟಿಂಗ್ ಆ್ಯಪಿನಲ್ಲಿ ಒಬ್ಬರು ಒಳ್ಳೆಯ ಮೆಸೇಜ್ ಹಾಕಿ ಮೂರು ವಾರವಾಗಿದೆ, ಉತ್ತರ ಕೊಟ್ಟಿಲ್ಲ. “ಹೇಗೂ ಆಮೇಲೆ ಬಿಡ್ತಾರೆ, ಸುಮ್ನೆ ಯಾಕೆ?”

ವೀಣಾ ಮನಸ್ಸಿನಲ್ಲಿ ತಮ್ಮ ಹೆಸರನ್ನೂ ಆ ಮೊದಲ ಸಾಲಿನಲ್ಲೇ ಬರೆದುಕೊಂಡಿದ್ದರು. ಅದನ್ನು ನಾನು ಹೇಳಿದಾಗ ಅತ್ತರು.

ಕಾರ್ಯಕ್ರಮ ನೋಡುವುದನ್ನು ಬಿಡಬೇಕು ಅನ್ನಿಸಿದರೆ ಬಿಡಿ, ಆದರೆ ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಳ್ಳಲಿಕ್ಕೆ ಅಂತ ಬಿಡಬೇಡಿ ಅಂದೆ. ಇಬ್ಬರು ಹತ್ತಿರವಾಗುವುದನ್ನು ನೋಡಿ ಖುಷಿಪಡುವುದರಲ್ಲಿ ಕೆಟ್ಟದ್ದೇನಿಲ್ಲ. ಫೋಟೊ ನೋಡಿ ಊಹಿಸುವ ಆಟ ಮಾತ್ರ ನಿಲ್ಲಿಸಿ. ಬದಲಿಗೆ ಒಂದು ಕಂತು ಪೆನ್ನು ಹಿಡಿದು ನೋಡಿ: ಯಾರಿಗೆ ಕ್ಯಾಮೆರಾ ಮುಂದೆ ಅಪ್ಪ ಅಮ್ಮನ ಬಗ್ಗೆ, ಬಾಲ್ಯದ ಬಗ್ಗೆ ಹೇಳಲು ಸಮಯ ಸಿಗುತ್ತದೆ? ಯಾರು ಬರೀ ಜಗಳದಲ್ಲಿ, ಇಲ್ಲವೇ ಹಿಂದಿನ ಸೋಫಾದಲ್ಲಿ ಕಾಣಿಸುತ್ತಾರೆ? ಎಡಿಟಿಂಗ್ ಕಣ್ಣಿಗೆ ಬಿದ್ದರೆ ಅದರ ಹಿಡಿತ ಸಡಿಲವಾಗುತ್ತದೆ.

ಆ್ಯಪಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿದೆ. ನ್ಯಾಯ ಮಾಡಬೇಕು ಅಂತ ಬಣ್ಣ ನೋಡಿ ಯಾರನ್ನೋ ಒಪ್ಪಿಕೊಂಡರೆ, ಅದೂ ಫೋಟೊ ನೋಡಿ ತೀರ್ಮಾನಿಸಿದ ಹಾಗೇ. ಅವರು ಬರೆದದ್ದನ್ನು ಪೂರ್ತಿ ಓದಿ. ಇಷ್ಟವಾಗದಿದ್ದರೆ ಬೇಡ ಅನ್ನಿ, ಆದರೆ ಅವರ ಪರವಾಗಿ ನೀವೇ ಬೇಡ ಅನ್ನಬೇಡಿ.

ಮೂರನೇ ಭೇಟಿಯ ಹೊತ್ತಿಗೆ ಗೆಳತಿಯರಿಗೂ ಹೇಳಿದ್ದರು. ಒಬ್ಬರು ಸಿಟ್ಟಾದರಂತೆ. ಇನ್ನೊಬ್ಬರು ಏನೂ ಹೇಳದೆ ತಮ್ಮ ಹಾಳೆ ತೆಗೆದು ನೋಡಿದರಂತೆ. ಆ ಮೆಸೇಜಿಗೆ ವೀಣಾ ನಾಲ್ಕು ಸಾಲಿನ ಉತ್ತರ ಬರೆದಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿ ಮುಂದುವರಿದಿದೆ.