ಅಮ್ಮ ಹೇಗಿದ್ದಾರೆ ಅಂತ ಯಾರನ್ನು ಕೇಳುತ್ತೀರಿ?

ಈ ಥರದ ಪ್ರಕರಣ ಸಲಹೆಗಾಗಿ ನನ್ನ ಬಳಿ ಮತ್ತೆ ಮತ್ತೆ ಬರುತ್ತದೆ. ದೊಡ್ಡ ಮನೆ, ಹಳೇ ಹೆಸರು, ಕರಗಿ ಹೋದ ಆಸ್ತಿ, ಒಂಟಿಯಾಗಿ ಉಳಿದ ಹಿರಿಯರು, ಮನೆಯ ಒಂದೊಂದೇ ಅಧಿಕಾರವನ್ನು ನಿಧಾನಕ್ಕೆ ಕೈವಶ ಮಾಡಿಕೊಂಡ ಕೆಲಸದವನು. ಎರಡು ಕೋಣೆಯ ಮನೆಯಲ್ಲೂ ಇದು ನಡೆಯುತ್ತದೆ. ಆದರೂ ಈ ಒಂದು ಪ್ರಕರಣ ನನ್ನನ್ನು ಜಾಸ್ತಿ ಕಾಡಿತು. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅದು ಒಂದು ಕಾಲದ ಸಣ್ಣ ಸಂಸ್ಥಾನದ ಮನೆತನ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು, ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತಿತು. ದೊಡ್ಡ ಸಂಸ್ಥಾನದವರು ಅರಮನೆಗಳನ್ನು ಹೋಟೆಲ್ ಮಾಡಿ ಬದುಕಿಕೊಂಡರು. ಇವರಿಗೆ ಆ ದಾರಿ ಇರಲಿಲ್ಲ. ಸೋರುವ ಸೂರು, ಬೀಗ ಹಾಕಿದ ಕೋಣೆಗಳು, ಮುಗಿಯದ ಕೋರ್ಟು ಕೇಸು ಉಳಿದವು. ಗಂಡ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಎಂಬತ್ತರ ಹತ್ತಿರದ ಅಮ್ಮ ಒಬ್ಬರೇ. ಮಗಳು ದೂರದ ಊರಲ್ಲಿ. ಗಂಡನ ತಮ್ಮಂದಿರ ಮಕ್ಕಳು ಪಾಲಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದರು.

ಆ ಕೆಲಸದವನು ಅಲ್ಲಿಗೆ ಬಂದದ್ದು ನೀರಿನ ಪಂಪ್ ಹಾಕಿ, ತೋಟಕ್ಕೆ ನೀರು ಬಿಡುವ ಹುಡುಗನಾಗಿ. ಚುರುಕು. ಹೇಳುವ ಮೊದಲೇ ಕೆಲಸ ಮುಗಿಸುತ್ತಿದ್ದ. ಮೊದಲು ಬೀಗದ ಕೈ ಗೊಂಚಲು ಅವನ ಬಳಿ ಬಂತು. ಆಮೇಲೆ ಔಷಧಿ ಪೆಟ್ಟಿಗೆ. ಆಮೇಲೆ ಬ್ಯಾಂಕಿನ ಪಾಸ್‌ಬುಕ್. ಹಳೇ ಅಡುಗೆಯಮ್ಮನ ಮೇಲೆ ಬೆಳ್ಳಿ ಕದ್ದ ಆರೋಪ ಬಂತು, ಅವರು ಅಳುತ್ತಾ ಹೊರಟರು. ಲೆಕ್ಕ ಬರೆಯುತ್ತಿದ್ದವರ ಲೆಕ್ಕದಲ್ಲೇ ತಪ್ಪು ಸಿಕ್ಕಿತು, ಅವರೂ ಹೋದರು. ಮೈದುನನ ಮಕ್ಕಳ ಬಗ್ಗೆ ಅಮ್ಮನಿಗೆ ಒಂದು ಮಾತು, ಅಮ್ಮನ ಬಗ್ಗೆ ಅವರಿಗೆ ಇನ್ನೊಂದು ಮಾತು ಹೇಳುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಕೊನೆಗೆ ಅಮ್ಮನನ್ನು ನೋಡಬೇಕಾದರೂ ಅವನ ಒಪ್ಪಿಗೆ ಬೇಕಾಯಿತು. ಮಗಳು ನನ್ನ ಬಳಿ ಬರುವ ಹೊತ್ತಿಗೆ ಅವನ ಹೆಸರಿಗೆ ನೋಂದಾಯಿತ ಮುಖ್ತ್ಯಾರ್ ಪತ್ರವೂ, ಅಂದರೆ ಅಮ್ಮನ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರವೂ ಆಗಿತ್ತು. ಉಯಿಲಿನ ಮಾತು ಶುರುವಾಗಿತ್ತು.

ಮಗಳ ಬೇಡಿಕೆ ಒಂದೇ. "ಮೇಡಂ, ಅಮ್ಮನಿಗೆ ಬುದ್ಧಿ ಹೇಳಿ. ಅವನನ್ನ ಇವತ್ತೇ ಓಡಿಸಬೇಕು."

ಅಮ್ಮನನ್ನೂ ಕರೆತನ್ನಿ ಅಂದೆ. ಆ ದಿನದ ಭೇಟಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅವನೂ ಬಂದಿದ್ದ. ತಾಯಿ ಮಗಳ ನಡುವಿನ ಕುರ್ಚಿಯಲ್ಲಿ ಕೂತ. ನಾನು ಅಮ್ಮನನ್ನು ನೋಡಿ, "ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳಿದೆ. ಅವನು ಉತ್ತರ ಕೊಟ್ಟ. "ಊಟ ಸೇರುತ್ತಾ?" ಅಂದೆ. ಅದಕ್ಕೂ ಅವನದೇ ಉತ್ತರ. ತಪ್ಪು ಮಾತಾಡಲಿಲ್ಲ, ದನಿ ಏರಿಸಲಿಲ್ಲ. ಅಮ್ಮ ಪ್ರತಿ ಪ್ರಶ್ನೆಗೂ ಮೊದಲು ಅವನ ಮುಖ ನೋಡುತ್ತಿದ್ದರು. ಹೊರಗೆ ಕೂತಿರಪ್ಪ ಅಂದಾಗ, "ನಾನಿಲ್ಲ ಅಂದ್ರೆ ಅಮ್ಮಾವ್ರಿಗೆ ಗಾಬರಿ ಆಗುತ್ತೆ" ಅಂದ. ಗಾಬರಿಯಾದರೆ ಕರೆಯುತ್ತೇನೆ ಅಂದೆ. ಹೋಗುವಾಗ ಒಂದು ನೋಟ್‌ಬುಕ್ ಮೇಜಿನ ಮೇಲಿಟ್ಟು, "ಇದನ್ನ ನೋಡಿ, ನಿಮಗೇ ಗೊತ್ತಾಗುತ್ತೆ" ಅಂದ.

ಅಮ್ಮನ ಅನುಮತಿ ಕೇಳಿ ಅದನ್ನು ತೆರೆದೆ. ದುಂಡಗಿನ ಅಕ್ಷರ. ಗೆರೆ ಎಳೆದು ದಿನಾಂಕ, ಬಿಪಿ, ಸಕ್ಕರೆ, ಮಾತ್ರೆ. ಕೊನೆಯಲ್ಲಿ ಷರಾ ಅಂತ ಒಂದು ಕಾಲಂ. ಅದರಲ್ಲಿ ಒಂದೊಂದೇ ಪದ: ಮರೆವು, ಹಠ, ಗೊಂದಲ, ಅನುಮಾನ. ಆಸ್ಪತ್ರೆಯಲ್ಲೂ ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ನೋಡಿದ್ದು ಕಡಿಮೆ. ಮಗಳು ತನ್ನ ಫೋನ್ ತೆಗೆದು ತಾನು ಊರಿಗೆ ಹೋಗಿದ್ದ ದಿನಗಳನ್ನು ಹೇಳುತ್ತಾ ಹೋದಳು. ಆ ದಿನಗಳ ಮುಂದೆಲ್ಲ 'ಗೊಂದಲ', 'ಹಠ'. ಮುಖ್ತ್ಯಾರ್ ಪತ್ರ ನೋಂದಣಿಯಾದ ದಿನ ಯಾವುದು ಅಂತ ಕೇಳಿದೆ. ಪುಟ ತಿರುಗಿಸಿದೆ. ಆ ದಿನದ ಷರಾ ಮಾತ್ರ ಒಂದಿಡೀ ವಾಕ್ಯ. 'ಬಹಳ ಚೆನ್ನಾಗಿದ್ದಾರೆ, ಎಲ್ಲ ತಿಳಿದು ಮಾತಾಡಿದರು.'

ಮಗಳಿಗೆ ಸಿಟ್ಟು ತಡೆಯಲಿಲ್ಲ. "ಅಮ್ಮ, ಇವನು ನಿನ್ನನ್ನ ಹುಚ್ಚಿ ಮಾಡ್ತಿದ್ದಾನೆ. ಗೊತ್ತಾಗಲ್ವಾ ನಿಂಗೆ?"

ಅಮ್ಮ ಸೆರಗು ಸರಿ ಮಾಡಿಕೊಂಡು ಹೇಳಿದರು: "ನೀನು ಫೋನ್ ಮಾಡೋದು ಅವನಿಗೆ. ಅಮ್ಮ ಹೇಗಿದ್ದಾರೆ ಅಂತ ಕೇಳೋದು ಅವನನ್ನ. ಅವನು ಸರಿ ಇದ್ದಾರೆ ಅಂದ್ರೆ ನಾನು ಸರಿ, ಇಲ್ಲ ಅಂದ್ರೆ ಇಲ್ಲ. ನೀನು ಅವನನ್ನ ಕೇಳ್ತೀಯಾ. ಈಗ ನಾನೂ ಅವನನ್ನೇ ಕೇಳ್ತೀನಿ."

ಮಗಳು ಸುಮ್ಮನಾದಳು. ಆಮೇಲೆ, "ಅಮ್ಮನಿಗೆ ಕಿವಿ ಸರಿಯಾಗಿ ಕೇಳಲ್ಲ ಅಂತ..." ಅಂದು ನಿಲ್ಲಿಸಿದಳು. ಅಮ್ಮನಿಗೆ ಕಿವಿ ಕೇಳುವುದಿಲ್ಲ ಅಂತ ಅವಳಿಗೆ ಹೇಳಿದ್ದು ಯಾರು ಅಂತ ನಾನು ಕೇಳಬೇಕಾಗಲಿಲ್ಲ.

ಈ ಮಾತನ್ನು ಮಗಳನ್ನು ದೂರಲು ಬರೆಯುತ್ತಿಲ್ಲ. ಅವಳು ಕಾಳಜಿಯಿಂದಲೇ ಫೋನ್ ಮಾಡುತ್ತಿದ್ದಳು. ದೂರದಲ್ಲಿರುವ ಮಕ್ಕಳೆಲ್ಲ ಹೀಗೇ ಮಾಡುತ್ತಾರೆ. ಆದರೆ ಅಂಥ ಮನುಷ್ಯ ಮೇಲೇರುವುದೇ ಹೀಗೆ. ಹಣದ ಮೇಲೆ ಕೈ ಹಾಕುವುದಕ್ಕೆ ಎಷ್ಟೋ ಮೊದಲು ಅವನು ಸುದ್ದಿಯನ್ನು ಹಿಡಿಯುತ್ತಾನೆ. ಒಳಗಿನವರಿಗೆ ಹೊರಗಿನ ಸುದ್ದಿ, ಹೊರಗಿನವರಿಗೆ ಒಳಗಿನ ಸುದ್ದಿ ಅವನ ಬಾಯಿಂದಲೇ ಬರಬೇಕು. ಅಷ್ಟಾದ ಮೇಲೆ ಸಹಿ ಹಾಕಿಸಿಕೊಳ್ಳುವುದು ಕಷ್ಟವೇ ಅಲ್ಲ.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ಅವನನ್ನು ಓಡಿಸುವುದಾಗಿರಲಿಲ್ಲ. ಅಮ್ಮನ ಕೈಗೆ ಅವರದೇ ಒಂದು ಫೋನ್. ಮಗಳು ದಿನಾ ಒಂದೇ ಹೊತ್ತಿಗೆ ನೇರವಾಗಿ ಅಮ್ಮನಿಗೇ ಕರೆ ಮಾಡಬೇಕು. ಅಮ್ಮನ ಬಗ್ಗೆ ಅವನ ಬಳಿ ಒಂದು ಮಾತೂ ಕೇಳಬಾರದು. ಅವನಿಗೆ ಗೊತ್ತಿಲ್ಲದ ವೈದ್ಯರ ಬಳಿ ಕಿವಿ, ನೆನಪಿನ ಶಕ್ತಿ, ಮಾತ್ರೆಗಳು ಎಲ್ಲದರ ತಪಾಸಣೆ ಆಗಬೇಕು. ಅಡುಗೆಯಮ್ಮನನ್ನು ಹುಡುಕಿ ಮಾತಾಡಿಸಬೇಕು. ಬ್ಯಾಂಕಿಗೆ ಅಮ್ಮನೇ ಹೋಗಿ, ಒಟಿಪಿ ಯಾರ ನಂಬರಿಗೆ ಬರುತ್ತಿದೆ ಅಂತ ನೋಡಿ ಬದಲಿಸಬೇಕು.

ಆಮೇಲೆ ಕಾಗದದ ಕೆಲಸ. ಅಮ್ಮನೇ ಒಪ್ಪಿದ ವಕೀಲರ ಮೂಲಕ. ಸಾಮಾನ್ಯ ಮುಖ್ತ್ಯಾರ್ ಪತ್ರವನ್ನು ಕೊಟ್ಟವರು ರದ್ದು ಮಾಡಬಹುದು. ರದ್ದತಿ ಪತ್ರ ನೋಂದಾಯಿಸಿ ಅವನಿಗೂ ಬ್ಯಾಂಕಿಗೂ ನೋಟಿಸ್ ಕೊಡಬೇಕು. ಉಯಿಲನ್ನಂತೂ ಬರೆದವರು ಬುದ್ಧಿ ಸ್ವಾಧೀನ ಇರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. 1872ರ ಕರಾರು ಕಾಯ್ದೆಯ 16ನೇ ಕಲಂ ಅನುಚಿತ ಪ್ರಭಾವದ ಬಗ್ಗೆಯೇ ಇದೆ. ವಯಸ್ಸು, ಕಾಯಿಲೆಯಿಂದ ಮನಸ್ಸು ಕುಗ್ಗಿದವರ ಮೇಲೆ ಹಿಡಿತ ಇರುವವನು ಮಾಡಿಸಿಕೊಂಡ ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯವಾಗಿ ಕಂಡರೆ, ಒತ್ತಡ ಇರಲಿಲ್ಲ ಅಂತ ಅವನೇ ಸಾಬೀತು ಮಾಡಬೇಕು. ದಾನಪತ್ರ ಬರೆಯುವವರಿಗೆ ಇನ್ನೊಂದು ಮಾತು. ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇರಲಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಅದನ್ನು ರದ್ದು ಮಾಡಿಸಬಹುದು.

ತಕ್ಷಣ ಓಡಿಸಬೇಡಿ ಅಂದದ್ದಕ್ಕೆ ಪರಿಚಯದ ವಕೀಲರೊಬ್ಬರು ನನ್ನ ಮೇಲೆ ರೇಗಿದರು. "ಉಳಿದದ್ದನ್ನೂ ಸಾಗಿಸೋಕೆ ಅವನಿಗೆ ಟೈಮ್ ಕೊಟ್ರಿ" ಅಂದರು. ಈಗಲೂ ನನ್ನ ಸಲಹೆ ಅದೇ. ರಾತ್ರೋರಾತ್ರಿ ಅವನು ಹೋದರೆ ಅಮ್ಮನಿಗೆ ಮಾತ್ರೆ ಕೊಡುವವರು ಯಾರು? ಹೊಸಬರು ಬರುವ ಮೊದಲೇ ಅಮ್ಮ ಅವನಿಗೆ ಫೋನ್ ಮಾಡುತ್ತಾರೆ. ಹೀಗೆ ಓಡಿಸಿದವರು ವಾರದೊಳಗೆ ವಾಪಸ್ ಬಂದದ್ದನ್ನು ನೋಡಿದ್ದೇನೆ. ವಾಪಸ್ ಬಂದವನ ಬಲ ಮೊದಲಿಗಿಂತ ಜಾಸ್ತಿ. ಹೊಡೆತ, ಹಸಿವು, ಬೆದರಿಕೆ ಇದ್ದರೆ ಮಾತು ಬೇರೆ. ಆಗ ಒಂದು ಗಂಟೆಯೂ ಕಾಯಬಾರದು. ಇಲ್ಲಿ ಅದು ಇರಲಿಲ್ಲ. ಕೇಳಿ ಖಚಿತ ಮಾಡಿಕೊಂಡೇ ಹೇಳಿದೆ.

ಇನ್ನೊಂದು ವಿಷಯದಲ್ಲೂ ನಾನು ಗಟ್ಟಿಯಾಗಿ ನಿಂತೆ. ರದ್ದಾದ ಮುಖ್ತ್ಯಾರ್ ಪತ್ರವನ್ನು ಕೂಡಲೇ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು ಅಂತ ಮಗಳಿಗೆ ಇತ್ತು. ಬೇಡ ಅಂದೆ. ಅಮ್ಮ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಸಾಮಾನಲ್ಲ. ವೈದ್ಯರ ವರದಿಯಲ್ಲಿ ಅವರ ತಿಳಿವಳಿಕೆ ಸರಿಯಾಗಿಯೇ ಇತ್ತು. ಮರೆವು ವಯಸ್ಸಿಗೆ ತಕ್ಕಷ್ಟು. ಕಿವಿಗೆ ಯಂತ್ರ ಬೇಕಿತ್ತು, ಅಷ್ಟೇ.

ಪಂಜಾಬಿನ ಫರೀದ್‌ಕೋಟ್ ಸಂಸ್ಥಾನದ ಪ್ರಕರಣ ಗೊತ್ತಿರಬಹುದು. ಕೊನೆಯ ಮಹಾರಾಜ ಹರಿಂದರ್ ಸಿಂಗ್ ಬ್ರಾರ್ 1981ರಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡು ಕುಸಿದರು. ಅವರು 1989ರಲ್ಲಿ ತೀರಿಕೊಂಡ ಮೇಲೆ 1982ರ ತಾರೀಖಿನ ಉಯಿಲೊಂದು ಹೊರಬಂತು. ಆಸ್ತಿಯೆಲ್ಲ ಒಂದು ಟ್ರಸ್ಟ್‌ಗೆ, ಹಿರಿಯ ಮಗಳಿಗೆ ಏನೂ ಇಲ್ಲ. ಆಕೆ 1992ರಲ್ಲಿ ಕೋರ್ಟಿಗೆ ಹೋದರು. ಉಯಿಲು ನಕಲಿ ಅಂತ ಚಂಡೀಗಢದ ನ್ಯಾಯಾಲಯ ಹೇಳಿದ್ದು 2013ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದ್ದು 2022ರಲ್ಲಿ. ಕಾನೂನು ಗೆಲ್ಲಿಸುತ್ತದೆ, ಆದರೆ ಮೂವತ್ತು ವರ್ಷ ತಿನ್ನುತ್ತದೆ. ದುಃಖದಲ್ಲಿ ಮುಳುಗಿದ ಮನುಷ್ಯ ಬದುಕಿದ್ದಾಗಲೇ ಪಕ್ಕದಲ್ಲಿ ಕೂರುವುದು ಅದಕ್ಕಿಂತ ಸುಲಭ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಮೇಲೇರಿದ ಕೆಲಸದವರೆಲ್ಲ ಕುತಂತ್ರಿಗಳಲ್ಲ. 1887ರಲ್ಲಿ ಭಾರತದಿಂದ ಹೋಗಿ ವಿಕ್ಟೋರಿಯಾ ರಾಣಿಯ ಊಟದ ಮೇಜಿನ ಬಳಿ ನಿಂತ ಅಬ್ದುಲ್ ಕರೀಂ ಆಮೇಲೆ ಆಕೆಯ ಮುನ್ಷಿ, ಅಂದರೆ ಪಾಠ ಹೇಳುವ ಗುಮಾಸ್ತನಾದ, ಆಕೆಗೆ ಹಿಂದೂಸ್ತಾನಿ ಕಲಿಸಿದ. ಅರಮನೆಯವರಿಗೆ ಅದು ಸಹಿಸಲಿಲ್ಲ. 1897ರಲ್ಲಿ ಒಟ್ಟಾಗಿ ರಾಜೀನಾಮೆ ಕೊಡುತ್ತೇವೆ ಅಂತ ಬೆದರಿಸಿದರು. 1901ರಲ್ಲಿ ರಾಣಿ ತೀರಿಕೊಂಡ ಮೇಲೆ, ಆಕೆ ಅವನಿಗೆ ಬರೆದ ಪತ್ರಗಳನ್ನು ಮಗನ ಆಜ್ಞೆಯಂತೆ ಸುಟ್ಟುಹಾಕಿದರು. 'ಆಳು ತಲೆ ಮೇಲೆ ಕೂತ' ಅನ್ನುವ ದೂರಿನಲ್ಲಿ ಎಷ್ಟೋ ಸಲ ಜಾತಿ, ಅಂತಸ್ತಿನ ಅಸಹನೆಯೇ ಮಾತಾಡುತ್ತಿರುತ್ತದೆ. ನಾನು ನೋಡುವುದು ಒಂದನ್ನೇ: ಅವನು ಬಂದ ಮೇಲೆ ಹಿರಿಯರನ್ನು ನೋಡಲು ಬರುವವರು ಕಡಿಮೆಯಾದರಾ? ಪ್ರೀತಿಯಿಂದ ನೋಡಿಕೊಳ್ಳುವವರಿಗೆ ಮನೆಗೆ ನಾಲ್ಕು ಜನ ಬಂದರೆ ಖುಷಿ. ಈ ಮನೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಹೊರಗಾಗಿದ್ದರು.

ಅವನ ಬಗ್ಗೆಯೂ ಒಂದು ವಿಷಯ ತಿಳಿಯಿತು. ವರ್ಷಗಟ್ಟಲೆ ಅವನಿಗೆ ಸರಿಯಾದ ಸಂಬಳವೇ ಕೊಟ್ಟಿರಲಿಲ್ಲ. 'ಮನೆ ಮಗನ ಹಾಗೆ' ಅಂತ ಹೇಳಿ ಮುಗಿಸಿದ್ದರು. ಅವನು ಮಾಡಿದ್ದು ಅದರಿಂದ ಸರಿಯಾಗುವುದಿಲ್ಲ. ಆದರೂ ಸಂಬಳ ಬಾಕಿ ಲೆಕ್ಕ ಹಾಕಿ ಚೆಕ್‌ನಲ್ಲೇ ಕೊಡಿ, ರಸೀದಿ ತಗೊಳ್ಳಿ ಅಂದೆ. ಮನೆ ಮಗನಂತೆ ಅನ್ನುವ ಮಾತು ಸಂಬಳದ ಜಾಗದಲ್ಲಿ ನಿಂತರೆ, ಒಂದು ದಿನ ಅವನು ಮಗನ ಪಾಲು ಕೇಳುತ್ತಾನೆ.

ಮುಖ್ತ್ಯಾರ್ ಪತ್ರ ರದ್ದಾಯಿತು. ಅಡುಗೆಯಮ್ಮ ವಾಪಸ್ ಬಂದರು, ಜೊತೆಗೆ ರಾತ್ರಿಗೆ ಒಬ್ಬ ದಾದಿ. ಅದಾದ ಮೇಲೆ ಅವನು ಹೋದ. ಬೆಳ್ಳಿ, ಕೆಲವು ಹಳೇ ಕಾಗದಪತ್ರ ಸಿಗಲೇ ಇಲ್ಲ. ಪೊಲೀಸ್ ದೂರು ಕೊಡಬೇಕು ಅಂತ ಮಗಳು, ಬೇಡ ಅಂತ ಅಮ್ಮ. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು. ದೂರು ಕೊಡುವ ಹಕ್ಕು ಅಮ್ಮನದು, ಎಲ್ಲವನ್ನೂ ತಿಳಿದೇ ಅವರು ಬೇಡ ಅಂದಿದ್ದಾರೆ, ನಾನು ಅದನ್ನು ಗೌರವಿಸುತ್ತೇನೆ ಅಂದೆ. ಮಗಳು ಇನ್ನೂ ಒಪ್ಪಿಲ್ಲ. ಆದರೆ ಈಗ ಆ ಜಗಳವನ್ನು ಅವಳು ನೇರವಾಗಿ ಅಮ್ಮನ ಜೊತೆಗೇ ಆಡುತ್ತಿದ್ದಾಳೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥದ್ದು ಕಂಡರೆ 14567ಕ್ಕೆ ಕರೆ ಮಾಡಿ. ಅದು ಹಿರಿಯ ನಾಗರಿಕರ ಉಚಿತ ಸಹಾಯವಾಣಿ. ಜೀವನಾಂಶ ಮತ್ತು ಆಸ್ತಿ ವರ್ಗಾವಣೆ ರದ್ದತಿಯ ಅರ್ಜಿಯನ್ನು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹಿರಿಯರೇ ಕೊಡಬಹುದು. ವಕೀಲರೇ ಬೇಕು ಅಂತಿಲ್ಲ.