ಎರಡು ಗೆರೆ ಎಳೆಯದೆ ಸಮಾಧಾನವಿಲ್ಲದ ಹುಡುಗಿ

ಗುರುತು ಸಿಗಬಾರದು ಅಂತ ಊರಿನ, ಮನೆಯ ವಿವರಗಳನ್ನು ಬದಲಿಸಿದ್ದೇನೆ.

ಬದಿಯಡ್ಕ ಕಡೆಯ ಹುಡುಗಿ, ವಯಸ್ಸು 23. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟು, ಬಿ.ಕಾಂ. ಈಗ ಬ್ಯಾಂಕ್ ಪಿ.ಒ. (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಓದುತ್ತಿದ್ದಾಳೆ. ಕೋಚಿಂಗಿಗೆ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋಗಿ ಬರುತ್ತಾಳೆ. ಪ್ರಿಲಿಮ್ಸ್ ದಾಟುತ್ತದೆ, ಮೇನ್ಸ್ ಕೈಕೊಡುತ್ತದೆ. ಅದರಲ್ಲೂ ಡೇಟಾ ಸಫಿಶಿಯೆನ್ಸಿ ಲೆಕ್ಕ ಕಂಡರೆ ಕೈ ಬೆವರುತ್ತದೆ. ಅದರಲ್ಲಿ ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ ಇರುತ್ತವೆ; ಉತ್ತರಿಸಲು ಯಾವ ಹೇಳಿಕೆ ಸಾಕು, ಎರಡೂ ಬೇಕಾ, ಎರಡೂ ಸೇರಿದರೂ ಸಾಲದಾ ಅಂತಷ್ಟೇ ಹೇಳಬೇಕು. ಮಾಕ್ ಟೆಸ್ಟಿನ ಹಿಂದಿನ ರಾತ್ರಿ ನಿದ್ದೆ ಇಲ್ಲ.

ಜೊತೆಗೆ ಬಂದ ತಾಯಿ ಕೂರುವ ಮೊದಲೇ ಕಾರಣ ಹೇಳಿಬಿಟ್ಟರು. "ಕನ್ನಡ ಮೀಡಿಯಂಗೆ ಹಾಕಿದ್ದೇ ತಪ್ಪಾಯ್ತು ಟೀಚರೇ." ನಮ್ಮ ಕಾಸರಗೋಡಿನಲ್ಲಿ ಇದು ಹಳೇ ಮಾತು. ಕೆಲಸ ಸಿಗದಿದ್ದರೂ ಕನ್ನಡ ಶಾಲೆಯೇ ಕಾರಣ, ಮಲಯಾಳ ತಡವರಿಸಿದರೂ ಕನ್ನಡ ಶಾಲೆಯೇ ಕಾರಣ. ನಾನು ವಾದಕ್ಕೆ ಹೋಗಲಿಲ್ಲ. ಒಂದು ಲೆಕ್ಕವನ್ನು ಕನ್ನಡದಲ್ಲೇ ಬರೆದು ಹುಡುಗಿಯ ಮುಂದಿಟ್ಟೆ.

"ಐದು ಬೇರೆ ಬೇರೆ ಧನ ಪೂರ್ಣಾಂಕಗಳ ಸರಾಸರಿ 12. ಅವುಗಳಲ್ಲಿ ದೊಡ್ಡದು 20ಕ್ಕಿಂತ ಜಾಸ್ತಿಯೇ? ಹೇಳಿಕೆ 1: ಎಲ್ಲಕ್ಕಿಂತ ಚಿಕ್ಕದು 8. ಹೇಳಿಕೆ 2: ಮಧ್ಯಾಂಕ (ಏರಿಕೆ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ) 11."

ಮೊತ್ತ 60 ಅಂತ ತಕ್ಷಣ ಬರೆದಳು. ಮೊದಲ ಹೇಳಿಕೆಯಿಂದ ಉಳಿದ ನಾಲ್ಕರ ಮೊತ್ತ 52. ಎರಡನೆಯದನ್ನೂ ಸೇರಿಸಿದರೆ ಉಳಿದ ಮೂರರ ಮೊತ್ತ 41. ಅಲ್ಲಿಂದ ಮುಂದೆ ಪೆನ್ಸಿಲ್ ಓಡಲಿಲ್ಲ. ಬರೆದಳು, ಉಜ್ಜಿದಳು, ಮತ್ತೆ ಬರೆದಳು. ಕೊನೆಗೆ "ಎರಡೂ ಸೇರಿದರೂ ಸಾಲದು" ಅಂತ ಗುರುತು ಹಾಕಿದಳು.

"ದೊಡ್ಡ ಸಂಖ್ಯೆ ಎಷ್ಟು ಅಂತ ಸಿಗ್ತಾ ಇಲ್ಲ ಟೀಚರೇ."

"ಎಷ್ಟು ಅಂತ ಯಾರು ಕೇಳಿದ್ರು ಮಾರಾಯ್ತಿ? 20 ದಾಟುತ್ತದಾ ಅಂತ ತಾನೇ ಕೇಳಿದ್ದು?"

ಅವಳ ನೋಟ್‌ಬುಕ್ ತಿರುವಿದರೆ ವಿಷಯ ಗೊತ್ತಾಗುತ್ತದೆ. ಉಳಿದ ಲೆಕ್ಕಗಳಲ್ಲೆಲ್ಲ ಉತ್ತರದ ಕೆಳಗೆ ಸ್ಕೇಲ್ ಇಟ್ಟು ಎಳೆದ ಎರಡು ಗೆರೆ. ಡೇಟಾ ಸಫಿಶಿಯೆನ್ಸಿ ಪುಟಗಳಲ್ಲಿ ಆ ಗೆರೆ ಇಲ್ಲ, ರಬ್ಬರ್ ಉಜ್ಜಿ ಕಾಗದ ತೆಳುವಾಗಿದೆ. ಉತ್ತರ ಬಂದರೆ ಮಾತ್ರ ಲೆಕ್ಕ ಮುಗಿಯಿತು ಅಂತ ಹತ್ತು ವರ್ಷ ಕಲಿಸಿದ್ದೇವೆ, ಅದು ಯಾವ ಮಾಧ್ಯಮದಲ್ಲಾದರೂ ಅಷ್ಟೇ. ಪಾಪ, ಅವಳು ಅದನ್ನೇ ಮಾಡುತ್ತಿದ್ದಾಳೆ. ಪ್ರಶ್ನೆ ಕನ್ನಡದಲ್ಲಿದ್ದರೂ ಸಿಕ್ಕಿಬಿದ್ದಳಲ್ಲ, ತಾಯಿಗೆ ಅದನ್ನು ತೋರಿಸಿದೆ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಆಮೇಲೆ ಲೆಕ್ಕವನ್ನು ಇಬ್ಬರೂ ಸೇರಿ ಬಿಡಿಸಿದೆವು. ನಾನು ಹೇಳಿದ್ದು ಇಷ್ಟೇ: ಹೇಳಿಕೆ ಸಾಕು ಅಂತ ತೋರಿಸಲು ಹೊರಡಬೇಡ, ಸಾಲದು ಅಂತ ತೋರಿಸಲು ನೋಡು. ಹೇಳಿಕೆಗೆ ಹೊಂದುವ ಎರಡು ಉದಾಹರಣೆ ಹುಡುಕು, ಒಂದಕ್ಕೆ "ಹೌದು" ಬರಬೇಕು, ಇನ್ನೊಂದಕ್ಕೆ "ಇಲ್ಲ". ಸಿಕ್ಕಿದರೆ ಆ ಹೇಳಿಕೆಯ ಕಥೆ ಮುಗಿಯಿತು.

ಮೊದಲನೆಯದಕ್ಕೆ 8, 9, 10, 11, 22 ಹಾಕಿದಳು. ದೊಡ್ಡದು 20 ದಾಟಿತು. 8, 11, 12, 14, 15 ಹಾಕಿದರೆ ದಾಟಲಿಲ್ಲ. ಹಾಗಾದರೆ ಸಾಲದು. ಎರಡನೆಯದಕ್ಕೆ 1, 2, 11, 12, 34 ಮತ್ತು 9, 10, 11, 14, 16. ಅದೂ ಸಾಲದು. ಈಗ ಎರಡನ್ನೂ ಸೇರಿಸಿ ದೊಡ್ಡದನ್ನು ಎಷ್ಟು ಎಳೆಯಬಹುದು? ಉಳಿದವನ್ನು ಆದಷ್ಟು ಕೆಳಗೆ ಒತ್ತಬೇಕು: 8, 9, 11, 12. ಮೊತ್ತ 40. ದೊಡ್ಡದಕ್ಕೆ ಉಳಿಯುವುದು 20, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಅಂದಮೇಲೆ 20 ದಾಟುವುದೇ ಇಲ್ಲ. ಎರಡೂ ಸೇರಿದರೆ ಸಾಕು.

"ಆದ್ರೆ ಉತ್ತರ 'ಇಲ್ಲ' ಅಂತ ಬಂತಲ್ವಾ?" ಅಂದಳು. ಖಚಿತವಾದ "ಇಲ್ಲ" ಕೂಡ ಉತ್ತರವೇ. ಈ ಜಾಗದಲ್ಲಿ ಬಹಳ ಮಂದಿ ಜಾರುತ್ತಾರೆ. ಮದುವೆಗೆ ಹಾಲ್ ಬುಕ್ ಮಾಡುವಾಗ ಜನ 300 ದಾಟುವುದಿಲ್ಲ ಅಂತ ಗೊತ್ತಾದರೆ ಸಾಕಲ್ಲ, ತಲೆ ಎಣಿಸಬೇಕಾಗಿಲ್ಲ ಅಂದೆ. ಮೊದಲ ಸಲ ನಕ್ಕಳು.

ಮನೆಗೆ ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಒಂದು ಸಣ್ಣ ಅಭ್ಯಾಸ. ಲೆಕ್ಕ ಓದಿದ ಕೂಡಲೇ ಮೂಲೆಯಲ್ಲಿ "ಎಷ್ಟು?" ಅಥವಾ "ಹೌದಾ?" ಅಂತ ಬರೆಯಬೇಕು. "ಹೌದಾ?" ಇದ್ದರೆ ಎರಡು ಗೆರೆಯ ಆಸೆ ಬಿಡಬೇಕು. ಸರಾಸರಿ ಕಂಡರೆ ಮೊದಲು ಮೊತ್ತ ಮಾಡಿಕೊಳ್ಳಬೇಕು. ಆದರೆ ಎಣಿಕೆ ಕೊಟ್ಟಿಲ್ಲ ಅಂತ ಗಾಬರಿ ಬೇಡ. ಒಂದು ತರಗತಿಯ ಸರಾಸರಿ 60, ಇನ್ನೊಂದರದ್ದು 70, ಒಟ್ಟು ಸರಾಸರಿ 65ಕ್ಕಿಂತ ಜಾಸ್ತಿಯಾ ಅಂತ ಕೇಳಿದರೆ, ಎರಡನೆಯದರಲ್ಲಿ ಮಕ್ಕಳು ಜಾಸ್ತಿ ಎಂಬ ಒಂದೇ ಮಾತು ಸಾಕು. ಎಷ್ಟು ಮಕ್ಕಳು ಅಂತ ಬೇಕಾಗಿಯೇ ಇಲ್ಲ.

ಆಯ್ಕೆಗಳನ್ನು ಬಾಯಿಪಾಠ ಮಾಡಬೇಡ ಅಂತಲೂ ಹೇಳಿದೆ. ಎಂ.ಬಿ.ಎ. ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಈ ಲೆಕ್ಕದ ಐದು ಆಯ್ಕೆಗಳ ಕ್ರಮ ಬದಲಾಗುವುದಿಲ್ಲ, ಬ್ಯಾಂಕ್ ಪರೀಕ್ಷೆಗಳಲ್ಲಿ ಆ ಭರವಸೆ ಇಲ್ಲ. ಇನ್ನು, ಎರಡು ನಿಮಿಷದಲ್ಲಿ ದಾರಿ ಕಾಣದಿದ್ದರೆ ಬಿಟ್ಟು ಮುಂದೆ ಹೋಗು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ, ಬಿಟ್ಟದ್ದಕ್ಕೆ ಏನೂ ಕಳೆಯುವುದಿಲ್ಲ. ಇದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅದಕ್ಕೇ ದಿನಾ ಒಂದು ಲೆಕ್ಕವನ್ನು ಬೇಕೆಂದೇ ಅರ್ಧದಲ್ಲಿ ಬಿಟ್ಟು ಪುಸ್ತಕ ಮುಚ್ಚುವುದನ್ನೂ ಅಭ್ಯಾಸಕ್ಕೆ ಸೇರಿಸಿದೆ. ಸುಮ್ನೆ ತಮಾಷೆ ಅಂದುಕೊಂಡಳು. ಮಾಡಿ ನೋಡು ಅಂದೆ.

ನಿದ್ದೆಯ ವಿಷಯ ಹಗುರವಾಗಿ ಬಿಡಲಿಲ್ಲ. ಪರೀಕ್ಷೆ ಇಲ್ಲದ ದಿನವೂ ನಿದ್ದೆ ಬಾರದಿದ್ದರೆ ಡಾಕ್ಟರನ್ನು ಕಾಣಬೇಕು, ರಾತ್ರಿ ಮನಸ್ಸು ತೀರಾ ಕಂಗೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು ಅಂತ ತಾಯಿಗೂ ಬರೆದುಕೊಟ್ಟೆ. ಮಗಳ ಮುಂದೆ ಮೀಡಿಯಂ ಮಾತು ಸದ್ಯಕ್ಕೆ ಎತ್ತಬೇಡಿ ಅಂತ ಕೇಳಿಕೊಂಡೆ.

ಈಚೆಗೆ ಬಂದಾಗ ಸರಾಸರಿಯ ಲೆಕ್ಕಗಳಲ್ಲಿ ಕೈ ಪಳಗಿತ್ತು. ಅಸಮತೆಯಲ್ಲಿ ಇನ್ನೂ ಎಡವುತ್ತಾಳೆ. ಎಕ್ಸ್ ವೈಗಿಂತ ದೊಡ್ಡದು ಅಂದರೆ ಎಕ್ಸನ್ನು ವೈಯಿಂದ ಭಾಗಿಸಿದಾಗ 1ಕ್ಕಿಂತ ಜಾಸ್ತಿಯೇ ಬರುತ್ತದೆ ಅಂದುಕೊಳ್ಳುತ್ತಾಳೆ. 3 ಮತ್ತು 2 ಹಾಕಿ ನೋಡುತ್ತಾಳೆ, 3 ಮತ್ತು ಋಣ 1 ಹಾಕಲು ಮರೆಯುತ್ತಾಳೆ; ಹಾಕಿದ್ದರೆ ಋಣ 3 ಬರುತ್ತಿತ್ತು. ಮುಂದಿನ ಸಲ ಅದನ್ನು ಹಿಡಿಯಬೇಕು.